ಗೆದ್ದ ದಿನ, ಅದರ ಮರುದಿನ

ಬಂಧುಗಳೇ, ಇಂದಿನ ಚಿಂತನೆಗೆ ನಮ್ಮ ನೆಲದ್ದೇ ಒಂದು ಪ್ರಶ್ನೆ ಇದೆ. ಒಂದು ದಿನದ ಗೆಲುವೋ ಸೋಲೋ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆಯೇ?

ಹೊಸಪೇಟೆ, ಕಮಲಾಪುರದ ಕಡೆ ಶಾಲೆಗೆ ಹೋಗುವ ಯಾವ ಮಗುವನ್ನು ಕೇಳಿದರೂ 1565 ಎಂಬ ಇಸವಿ ಗೊತ್ತು. ಆ ವರ್ಷ ಜನವರಿ 23ರಂದು ಕೃಷ್ಣಾ ನದಿಯ ಹತ್ತಿರ, ರಕ್ಕಸಗಿ–ತಂಗಡಗಿ ಬಯಲಲ್ಲಿ, ಅಳಿಯ ರಾಮರಾಯನ ಸೈನ್ಯ ಒಂದು ಕಡೆ. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಸೈನ್ಯ ಇನ್ನೊಂದು ಕಡೆ. ಪಾಠದಲ್ಲಿ ಇದನ್ನೇ ತಾಳಿಕೋಟೆ ಯುದ್ಧ ಎನ್ನುತ್ತೇವೆ. ರಾಮರಾಯ ಸೆರೆಸಿಕ್ಕ, ಅವನ ತಲೆ ಕಡಿದರು, ಸೈನ್ಯ ದಿಕ್ಕೆಟ್ಟು ಓಡಿತು. ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗ ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ಇಷ್ಟೆಲ್ಲ ಒಂದೇ ದಿನಕ್ಕೆ ಹಾಳಾಯ್ತಾ?"

ಇಲ್ಲ, ಮಕ್ಕಳೇ. ಆ ದಿನಕ್ಕೆ ಹಿಂದೆಯೂ ಇದೆ, ಮುಂದೆಯೂ ಇದೆ.

ಹಿಂದಿನದು ಇದು. ರಾಮರಾಯ ಸುಮಾರು 20 ವರ್ಷ ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನು ಎತ್ತಿಕಟ್ಟುತ್ತಾ ಬಂದ. 1558ರಲ್ಲಿ ಬಿಜಾಪುರದವರ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದವನೂ ಅವನೇ. ಕೊನೆಗೆ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದವರೆಲ್ಲ ಅವನ ವಿರುದ್ಧ ಒಂದಾದರು. ಇದನ್ನು ಬರೀ ಎರಡು ಧರ್ಮಗಳ ಯುದ್ಧ ಎಂದು ಹೇಳಿ ಇವತ್ತಿನ ನೆರೆಯವರ ಮೇಲೆ ದ್ವೇಷ ಹುಟ್ಟಿಸುವವರು ಈ 20 ವರ್ಷಗಳ ಲೆಕ್ಕ ಹೇಳುವುದಿಲ್ಲ. ವೈರದ ಬಗ್ಗೆ ಧಮ್ಮಪದ ಆರಂಭದಲ್ಲೇ ಹೇಳುವ ಮಾತು ನಿಮಗೆಲ್ಲ ಬಾಯಿಪಾಠ. ನಾನು ಬಿಡಿಸಿ ಹೇಳಬೇಕಿಲ್ಲ.

ಮುಂದಿನದು ಇದು. ಸೋತ ಸುದ್ದಿ ಬಂದ ಮೇಲೆ ರಾಮರಾಯನ ತಮ್ಮ ತಿರುಮಲ ಭಂಡಾರವನ್ನು ಹೇರಿಕೊಂಡು, ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದ. ಕಾಯುವವರಿಲ್ಲದ ನಗರದಲ್ಲಿ ಲೂಟಿ ತಿಂಗಳುಗಟ್ಟಲೆ ನಡೆಯಿತು. 1567ರಲ್ಲಿ ಅಲ್ಲಿಗೆ ಬಂದ ವೆನಿಸ್‌ನ ವ್ಯಾಪಾರಿ ಫೆಡರಿಚಿ ಕಂಡದ್ದು ಇನ್ನೂ ನಿಂತಿದ್ದ, ಆದರೆ ಖಾಲಿಯಾಗಿದ್ದ ಮನೆಗಳನ್ನು. ಇತ್ತ ರಾಜ್ಯವೇನೂ ಅಂದೇ ಮುಗಿಯಲಿಲ್ಲ. ಪೆನುಕೊಂಡೆ, ಚಂದ್ರಗಿರಿ, ವೆಲ್ಲೂರುಗಳಲ್ಲಿ ಇನ್ನೂ ಸುಮಾರು 80 ವರ್ಷ ಉಸಿರಾಡಿತು. ಗೆದ್ದವರಾದರೂ ಬಾಳಿದರೇ? ಅವರ ಒಗ್ಗಟ್ಟು ಬೇಗನೆ ಮುರಿಯಿತು. 1636ರಲ್ಲಿ ಅಹ್ಮದ್‌ನಗರ, 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಘಲರ ಪಾಲಾದವು.

ಇಷ್ಟರ ನಡುವೆ ಆ ಯುದ್ಧ ಮುಟ್ಟಲಾಗದ ಒಂದು ವಸ್ತು ಉಳಿಯಿತು. ತುರ್ತು ಕಾಲುವೆ, ಬಸವಣ್ಣ ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಅರಮನೆ ಬಿತ್ತು, ಕಾಲುವೆ ಏಕೆ ಉಳಿಯಿತು? ಯಾರು ಗೆದ್ದರೂ ಯಾರು ಸೋತರೂ ಹೂಳು ತೆಗೆಯುವ ಕೈಗಳು ನಿಲ್ಲಲಿಲ್ಲ. ಆ ಕೈಗಳಲ್ಲಿ ನಮ್ಮ ಹಿರಿಯರ ಕೈಗಳೂ ಇದ್ದಿರಲೇಬೇಕು. ಯಾವ ಕಲ್ಲಿನ ಮೇಲೂ ಅವರ ಹೆಸರಿಲ್ಲ.

ಇನ್ನು ಗೆದ್ದವನೊಬ್ಬನ ಕಥೆ ನೋಡೋಣ. ಪಟ್ಟಾಭಿಷೇಕವಾದ ಎಂಟು ವರ್ಷಕ್ಕೆ ಅಶೋಕ ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂದು ಅವನೇ ಬಂಡೆಯ ಮೇಲೆ ಕೆತ್ತಿಸಿದ. ಆ ಯುದ್ಧದ ಸಂಜೆಯೇ ಅವನು ಪೂರ್ತಿ ಬದಲಾಗಿಬಿಟ್ಟ ಎಂದು ಸಿನಿಮಾದಲ್ಲಿ ತೋರಿಸಬಹುದು. ಅವನ ಶಾಸನ ಹೇಳುವುದು ಬೇರೆ. ಕಂಪ್ಲಿಯಿಂದ ತುಂಗಭದ್ರೆಯ ಗುಂಟ ಕೆಳಗೆ ಹೋದರೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳ ಸಿಗುತ್ತವೆ. ಈ ಕಡೆ ಕೊಪ್ಪಳ, ಆ ಕಡೆ ಮಸ್ಕಿ. ಇಲ್ಲೆಲ್ಲ ಇರುವ ಅಶೋಕನ ಕಿರು ಬಂಡೆ ಶಾಸನದ ಸಾರ ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಗಟ್ಟಿಯಾಗಿ ಶ್ರಮಿಸುತ್ತಿದ್ದೇನೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವರಿಗೂ ದಕ್ಕುತ್ತದೆ ಎಂದೂ ಅದರಲ್ಲಿದೆ.

ಚಕ್ರವರ್ತಿಗೇ ಒಂದು ವರ್ಷ ಸುಮ್ಮನೆ ಹೋಯಿತು. ಅದನ್ನು ಅವನು ನಮ್ಮೂರಿನ ಬಂಡೆಗಳ ಮೇಲೆ ಬರೆಸಿಟ್ಟಿದ್ದಾನೆ.

ಇದನ್ನು ಈಗ ಹೇಳಲು ಕಾರಣವಿದೆ. ನಮ್ಮ ಅಧ್ಯಯನ ಬಳಗದ ಸಂಡೂರಿನ ಒಬ್ಬ ತಮ್ಮ ಮೊನ್ನೆ ಕೇಳಿದ: "ಅಕ್ಕಾ, ದೀಕ್ಷೆ ತಗೊಂಡು ಆರು ವರ್ಷ ಆತು. ಮದುವಿ, ತಿಥಿ ಬಂದ್ರ ಮನ್ಯಾಗ ಹಳೇದೇ ನಡೀತೈತಿ. ಹೆಣ್ಣು ನೋಡಾಕ ಹೋದ್ರ ಬೌದ್ಧರೇ 'ಎಡಗೈಯೋ ಬಲಗೈಯೋ' ಅಂತ ಕೇಳ್ತಾರ. ಹಂಗಾದ್ರ ನಾವು ಗೆದ್ದಿದ್ದೇನು?"

ಈ ಪ್ರಶ್ನೆಯನ್ನು ಜಾರಿಸಿಬಿಡಬಾರದು. 1956ರ ಅಕ್ಟೋಬರ್ 14 ನಮ್ಮ ಪಾಲಿನ ನಿರ್ಣಾಯಕ ದಿನ ಹೌದು. ಆ ದಿನ ಇಲ್ಲದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಬಾಬಾಸಾಹೇಬರು ಯೇವಲಾದಲ್ಲಿ ಘೋಷಣೆ ಮಾಡಿದ್ದು 1935ರ ಅಕ್ಟೋಬರ್ 13ರಂದು. ನಡುವೆ 21 ವರ್ಷಗಳ ಓದು, ಚರ್ಚೆ, ಸಿದ್ಧತೆ ಇದೆ. ಮಹಾಡದ ಚೌದಾರ್ ಕೆರೆಯ ನೀರನ್ನು ಅವರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧಿ' ಮಾಡಿದರು, ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ತೀರ್ಪು ನಮ್ಮವರ ಪರ ಬಂದದ್ದು 1937ರಲ್ಲಿ. ನೀರು ಮುಟ್ಟಲು ಒಂದು ದಿನ, ಆ ದಿನವನ್ನು ಉಳಿಸಿಕೊಳ್ಳಲು ಹತ್ತು ವರ್ಷ.

ನಾಗಪುರದ ದೀಕ್ಷೆಗೆ ಬಾಬಾಸಾಹೇಬರು ಆರಿಸಿಕೊಂಡದ್ದು ಅಶೋಕ ವಿಜಯದಶಮಿ. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಕುಳಿತು ಅರಸರು ಸೈನ್ಯದ ಬಲ ನೋಡುತ್ತಿದ್ದ ಹಬ್ಬವೂ ಇದೇ ದಿನಗಳದ್ದು. ಬಾಬಾಸಾಹೇಬರು ಆ ದಿನಕ್ಕೆ ಕತ್ತಿಯಿಲ್ಲದ ಗೆಲುವಿನ ಅರ್ಥ ಕೊಟ್ಟರು. ಅದಾಗಿ 53 ದಿನಕ್ಕೆ ಅವರು ನಮ್ಮನ್ನು ಅಗಲಿದರು. ಮರುದಿನದ ಕೆಲಸ ನಮ್ಮ ಪಾಲಿಗೆ ಉಳಿಯಿತು.

ಆದ್ದರಿಂದ ತಮ್ಮಾ, ನಾವು ಗೆದ್ದದ್ದು ಆ ಕೆಲಸ ಮಾಡುವ ಹಕ್ಕನ್ನು. 22 ಪ್ರತಿಜ್ಞೆಗಳನ್ನು ಒಂದು ಬೆಳಿಗ್ಗೆ ಹೇಳಿ ಮುಗಿಸಬಹುದು. ಅವ್ವನಿಗೆ ಬೇಸರವಾಗದಂತೆ ಕೂರಿಸಿಕೊಂಡು ತಿಳಿಹೇಳುವುದಕ್ಕೆ ವರ್ಷಗಳೇ ಬೇಕಾಗಬಹುದು. 'ಎಡಗೈಯೋ ಬಲಗೈಯೋ' ಎಂದು ಕೇಳಿದವರಿಗೆ "ನಾವು ಬೌದ್ಧರು, ಅಷ್ಟೇ" ಎಂದು ಹೇಳಿ ಎದ್ದುಬರುವುದು ಸಣ್ಣ ಯುದ್ಧವೇನಲ್ಲ. ಅದರಲ್ಲಿ ಒಮ್ಮೊಮ್ಮೆ ಒಳ್ಳೆಯ ಸಂಬಂಧವೇ ಕೈತಪ್ಪುತ್ತದೆ.

ಇಂದಿನ ಅಭ್ಯಾಸ: ನಮ್ಮ ನಮ್ಮ ಮನೆಯಲ್ಲಿ ಹೂಳು ಎಲ್ಲಿ ತುಂಬಿದೆ ಎಂದು ನೋಡಿಕೊಳ್ಳೋಣ. ಒಂದೇ ಒಂದು ಜಾಗ ಸಾಕು. ಅದನ್ನು ಯಾರೊಡನೆ, ಹೇಗೆ ಮಾತಾಡಿ ತೆಗೆಯುತ್ತೇವೆ ಎಂದು ಬರೆದುಕೊಂಡು ಭಾನುವಾರದ ಓದಿಗೆ ತನ್ನಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್. 🙏