ತೊಳೆಯದ ಸೀಸೆ

ಹಣಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟರಮಟ್ಟಿಗೆ ಅಧಿಕಾರ ಸಲ್ಲುವುದೆಂಬ ಪ್ರಶ್ನೆ ಹೊಲ ಮನೆಗಳ ವಿಷಯದಲ್ಲಿ ನ್ಯಾಯಸ್ಥಾನಕ್ಕೆ ಸೇರಿದುದು. ಹಳೆಯ ಪ್ರಯೋಗಶಾಲೆಗಳ ಗಾಜಿನ ಪಾತ್ರೆಗಳನ್ನು ಕೂಡಿಡುವವನ ವಿಷಯದಲ್ಲಿಯಾದರೋ ಅದು ಅವನ ಅಂತಃಕರಣಕ್ಕೇ ಸೇರಿದುದು. ಅವನ ಕೈಸೇರಿದ ಸೀಸೆಯೊಂದರ ತಳದಲ್ಲಿ ಕಂದು ಕಲೆಯುಂಟು. ತೊಳೆದರೆ ಗಾಜು ಸ್ಫಟಿಕದಂತೆ ಹೊಳೆದೀತು, ಬೀರುವಿಗೆ ಶೋಭೆಯೂ ಬಂದೀತು. ತೊಳೆಯಬಹುದೆ?

ತೊಳೆಯಬಹುದೆನ್ನುವವರಿಗೆ ಲೀಬಿಗ್ಗನೇ ಸಾಕ್ಷಿ. ಜರ್ಮನಿಯ ಗೀಸೆನ್ ಪಟ್ಟಣದಲ್ಲಿ 1831ರಲ್ಲಿ ಆ ರಸಾಯನಶಾಸ್ತ್ರಜ್ಞನು ಐದು ಗುಂಡುಗಳುಳ್ಳ ಗಾಜಿನ ಕೊಳವೆಯೊಂದನ್ನು ರಚಿಸಿದನು. ಸಸ್ಯಪ್ರಾಣಿಗಳಿಂದ ದೊರೆತ ಪದಾರ್ಥವನ್ನು ಸುಟ್ಟಾಗ ಹೊರಡುವ ಇಂಗಾಲಾಮ್ಲ ವಾಯುವನ್ನು ಅದರೊಳಗಿನ ಕ್ಷಾರದ್ರಾವಣವು ಹೀರಿಕೊಳ್ಳುವುದು. ಕೊಳವೆಯ ಹೆಚ್ಚಿದ ತೂಕದಿಂದ ಪದಾರ್ಥದಲ್ಲಿದ್ದ ಇಂಗಾಲವೆಷ್ಟೆಂದು ತಿಳಿಯುವುದು. ಅದುವರೆಗೆ ಮಹಾನಿಪುಣರಿಗೆ ಮಾತ್ರ ಸಾಧ್ಯವಾಗಿದ್ದ ಪರೀಕ್ಷೆ ಅಂದಿನಿಂದ ವಿದ್ಯಾರ್ಥಿಗಳ ಕೈಗೂ ಎಟುಕಿತು. ತುಂಬುವುದು, ಚೆಲ್ಲುವುದು, ತೊಳೆಯುವುದು ಅಂತಹ ಸಾಧನದ ನಿತ್ಯಕರ್ಮ, ಒಡೆದರೆ ಮತ್ತೊಂದು. ಹೀಗಿರಲು, ಕಲೆಯೊಂದನ್ನು ದೇವರ ಪ್ರಸಾದದಂತೆ ಕಾಪಾಡುವುದು ಹಾಸ್ಯಾಸ್ಪದವಲ್ಲವೆ?

ಅಲ್ಲ. ಲೀಬಿಗ್ಗನ ಶಿಷ್ಯರು ತೊಳೆದುದು ಮುಂದಿನ ಪರೀಕ್ಷೆಗಾಗಿ. ಸಂಗ್ರಾಹಕನಿಗೆ ಮುಂದಿನ ಪರೀಕ್ಷೆಯೇ ಇಲ್ಲ. ಅವನು ಕೊಂಡುದು ಆಗಿಹೋದ ಕಾಲವನ್ನು. ಅದನ್ನೇ ಬೂದಿ ಹಾಕಿ ಉಜ್ಜಿ ಕಳೆದಮೇಲೆ ಉಳಿಯುವ ಗಾಜನ್ನು ಯಾವ ಅಂಗಡಿಯಲ್ಲಾದರೂ ಪಡೆಯಬಹುದಾಗಿತ್ತು.

ಪಾಶ್ಚರನ ಸೀಸೆಗಳನ್ನು ನೆನೆದರೆ ಈ ಮಾತು ಸ್ಪಷ್ಟವಾಗುವುದು. 1860ರ ಸುಮಾರಿನಲ್ಲಿ ಅವನು ಪ್ಯಾರಿಸಿನಲ್ಲಿ, ಬೇಗ ಹಳಸುವ ದ್ರವಗಳನ್ನು ಸೀಸೆಗಳಲ್ಲಿ ತುಂಬಿ, ಕತ್ತನ್ನು ಹಂಸದ ಕೊರಳಿನಂತೆ ಎಳೆದು ಬಗ್ಗಿಸಿ ಕುದಿಸಿದನು. ಬಾಯಿ ತೆರೆದೇ ಇದ್ದರೂ ಗಾಳಿಯ ಧೂಳು ಬಾಗಿನಲ್ಲಿಯೇ ತಂಗಿ ದ್ರವವು ಕೆಡಲಿಲ್ಲ. ಕತ್ತು ಮುರಿದ ಸೀಸೆಯಲ್ಲಿಯೋ, ಕೆಲವೇ ದಿನಗಳಲ್ಲಿ ಕೆಟ್ಟಿತು. ಜೀವವು ನಿರ್ಜೀವದಿಂದ ತಾನಾಗಿ ಹುಟ್ಟುವುದೆಂಬ ವಾದಕ್ಕೆ ಇದರಿಂದ ಬಲವಾದ ಪೆಟ್ಟು ಬಿದ್ದಿತು. 1862ರಲ್ಲಿ ಫ್ರಾನ್ಸಿನ ವಿಜ್ಞಾನ ಪರಿಷತ್ತು ಅವನಿಗೆ ಬಹುಮಾನವಿತ್ತಿತು. ಅಂತಹ ಸೀಸೆಯಲ್ಲಿ ಸಾಕ್ಷಿಯೆಲ್ಲ ಒಳಗಿನ ದ್ರವದ್ದು. ಅದನ್ನು ಚೆಲ್ಲಿ ಗಾಜನ್ನು ಬೆಳಗಿದವನು ಸಾಕ್ಷಿಯನ್ನು ಕೊಂದು ಅವನ ಅಂಗಿಯನ್ನು ಇಸ್ತ್ರಿ ಮಾಡಿದಂತೆ.

ಎಲ್ಲ ಸೀಸೆಗಳೂ ಪಾಶ್ಚರನವಲ್ಲ, ನಿಜ. ಹೆಸರಿಲ್ಲದ ವಿದ್ಯಾರ್ಥಿಯ ಕಲೆಗೆ ಇಷ್ಟು ಗೌರವವೇಕೆಂದು ಕೇಳಬಹುದು. ಯಾರದೆಂದು ತಿಳಿಯದಿರುವುದೇ ಅದನ್ನು ಅಳಿಸದಿರಲು ಕಾರಣ. ಅಳಿಸಿದಮೇಲೆ ತಿಳಿಯುವ ದಾರಿಯೂ ಮುಚ್ಚಿತು.

ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಲೇಬೇಕು. ಆ ಕಲೆ ಪಾದರಸದ್ದೋ ಬೇರಾವ ವಿಷದ್ದೋ ಆಗಿರಬಹುದು, ಮನೆಯಲ್ಲಿ ಮಕ್ಕಳಿರುತ್ತಾರೆ. ಆಗ ಮಕ್ಕಳೇ ಮೊದಲು, ಸೀಸೆ ಆಮೇಲೆ. ಬಲ್ಲವರ ಕೈಯಿಂದ ಶುಚಿಮಾಡಿಸತಕ್ಕದ್ದು. ಅದಕ್ಕೆ ಮುಂಚೆ ಕಲೆಯ ಬಣ್ಣ, ಇದ್ದ ಸ್ಥಳ, ಅಂಟಿದ ಚೀಟಿಯ ಬರಹ ಇವನ್ನು ಕಾಗದದಲ್ಲಿ ಬರೆದು ಸೀಸೆಯ ಜೊತೆಗೇ ಇಡತಕ್ಕದ್ದು.