ಮೊದಲ ಪಂಕ್ತಿಯ ನೂಕುನುಗ್ಗಲು

ಸೋದರಮಾವನ ಮನೆಯ ಕಂಪ್ಯೂಟರಿಗೆ ಹತ್ತು ವರ್ಷ. ಬೆಳಗ್ಗೆ ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗುತ್ತಾರೆ. ಪೂಜೆ ಮುಗಿಸಿ ಬಂದು ಕೂತರೂ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತದೆ. ರಿಪೇರಿ ಅಂಗಡಿಯವನು ಹೊಸದು ತಗೊಳ್ಳಿ ಅಂದನಂತೆ. "ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೀನು ನೋಡೋ" ಎಂದರು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಬಹುಪಾಲು ಸುಮ್ಮನೆ ಕೂತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು.

ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಕೈ ಅತ್ತಿತ್ತ ಓಡಾಡಿ ಕೇಳಿದ್ದನ್ನು ಹುಡುಕಿ ತರಬೇಕು. ಮದುವೆಮನೆಯಲ್ಲಿ ಬಡಿಸುವವನು ಒಬ್ಬನೇ ಇದ್ದು, ಈ ಎಲೆಯವರು ಅನ್ನ, ಆ ಎಲೆಯವರು ಸಾರು, ಕೊನೆಯವರು ಮಜ್ಜಿಗೆ ಎಂದು ಒಟ್ಟಿಗೇ ಕೂಗಿದರೆ ಹೇಗೋ ಹಾಗೆ. ಮಾವನ ಯಂತ್ರದ ಮೊದಲ ಪಂಕ್ತಿಯಲ್ಲಿ ಯಾರ್ಯಾರು ಕೂತಿದ್ದರು ನೋಡಿ: ಎಂದೋ ಕೆಟ್ಟುಹೋದ ಪ್ರಿಂಟರಿನ ತಂತ್ರಾಂಶ, ಲಾಕ್‌ಡೌನ್ ಕಾಲದ ವಿಡಿಯೊ ಮೀಟಿಂಗ್ ಆ್ಯಪ್, ಮೊಮ್ಮಗನ ಗೇಮು, ಎರಡು ಆ್ಯಂಟಿವೈರಸ್. ಎರಡು ಇದ್ದರೆ ಕಾವಲು ಹೆಚ್ಚಾಗುವುದಿಲ್ಲ, ಒಂದನ್ನೊಂದು ತಡವುತ್ತಾ ಕೂರುತ್ತವೆ. ಒಂದನ್ನು ತೆಗೆದೆ. ಇನ್ನೊಂದು ಆ್ಯಂಟಿವೈರಸ್ ಬಿಟ್ಟು ಉಳಿದವನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿದೆ. ಹಾಗೆ ಮಾಡಿದರೆ ಅವು ಅಳಿಸಿಹೋಗುವುದಿಲ್ಲ. ಕರೆದಾಗ ಎರಡನೆಯ ಪಂಕ್ತಿಗೆ ಬರುತ್ತವೆ, ಅಷ್ಟೆ.

ಪ್ಯಾಸ್ಕಲ್ ಭಾಷೆ ರೂಪಿಸಿದ ನಿಕ್ಲಾಸ್ ವಿರ್ತ್ 1995ರಲ್ಲೇ ಈ ಬಗ್ಗೆ ಗೊಣಗಿದ್ದರು: ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ತಂತ್ರಾಂಶಗಳು ನಿಧಾನವಾಗುತ್ತಿವೆ ಎಂದು. ಆಗಿನ್ನೂ ನಮ್ಮಲ್ಲಿ ಬಹಳ ಮಂದಿ ಕಂಪ್ಯೂಟರನ್ನೇ ಕಂಡಿರಲಿಲ್ಲ.

"ನಾನು ದಿನಾ ರಾತ್ರಿ ಆಫ್ ಮಾಡ್ತೀನಲ್ಲ" ಎಂದರು ಮಾವ. ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಅಪ್‌ಟೈಮ್ ತೋರಿಸಿದೆ. 23 ದಿನ! ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಅರ್ಧ ನಿದ್ದೆ. ಮರುದಿನ ಬೇಗ ಏಳಲೆಂದು ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಹಾಗೇ ಕಟ್ಟಿಡುತ್ತದೆ. ಹೊಸದಾಗಿ ಏಳಬೇಕೆಂದರೆ ರೀಸ್ಟಾರ್ಟ್ ಒತ್ತಬೇಕು.

ಕಸದ ಬುಟ್ಟಿ ಖಾಲಿ ಮಾಡಿದ್ದು, ಡಿಸ್ಕ್ ಕ್ಲೀನಪ್ ಓಡಿಸಿದ್ದು ಹತ್ತು ನಿಮಿಷದ ಕೆಲಸ. ಮಾವ ಯಾವುದೋ ಜಾಹೀರಾತು ನೋಡಿ ಹಾಕಿಕೊಂಡಿದ್ದ 'ವೇಗ ಹೆಚ್ಚಿಸುವ' ಉಚಿತ ತಂತ್ರಾಂಶವನ್ನೂ ಕಿತ್ತುಹಾಕಿದೆ. ಅದೂ ಮೊದಲ ಪಂಕ್ತಿಯಲ್ಲೇ ಕೂತಿತ್ತು!

ಅಪರಾಧಿ ಇನ್ನೊಂದೂ ಇತ್ತು. ಧೂಳು ಬೀಳಬಾರದೆಂದು ಅತ್ತೆ ತಾವೇ ಕಸೂತಿ ಹಾಕಿದ ಬಟ್ಟೆಯನ್ನು ಸಿಪಿಯು ಡಬ್ಬಿಗೆ ಹೊದಿಸಿದ್ದರು, ಕಂಪ್ಯೂಟರ್ ಓಡುವಾಗಲೂ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಹಿಡಿದು, ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಉಜ್ಜಿದೆ. ಅಂಗೈ ತುಂಬ ಧೂಳು ಬಂತು. ಬಟ್ಟೆ ದಾಟಿ ಅದು ಹೇಗೆ ಒಳಹೊಕ್ಕಿತೋ.

ನಾಲ್ಕು ಜಿಬಿ ರ‍್ಯಾಮ್ ಎಂಟಾಗಲಿಲ್ಲ, ಅದಕ್ಕೆ ದುಡ್ಡೇ ಬೇಕು. ಆದರೆ ಮರುದಿನ ಫೋನ್ ಮಾಡಿದ ಮಾವ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಪೇಪರ್ ಓದಲು ಸಿಕ್ಕಿತು ಅಂದರು.

"ಬಟ್ಟೆ?" ಎಂದೆ.

"ಒಗೆದು ಒಣಗಿಸಿದಾಳೆ. ಸಂಜೆ ಹೊದಿಸ್ತಾಳಂತೆ."