ಪರಾಂಬರಿಸಿ ನೋಡು

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಅದರ ಅರ್ಥ ನನಗಾದದ್ದು ಮಾತ್ರ ಈಚೆಗೆ.

ಅತ್ತಿಬೆಲೆಯಲ್ಲಿ ನಾನು ಪಾಠ ಹೇಳುವ ಶಾಲೆಯ ವರಾಂಡಕ್ಕೆ ಕ್ಯಾಮೆರಾ ಬಂದಿದೆ. ಒಂದು ದಿನ ಸಹೋದ್ಯೋಗಿಯೊಬ್ಬರ ಪರ್ಸು ಕಾಣೆಯಾಯಿತು. ಎಲ್ಲರೂ ಪರದೆಯ ಮುಂದೆ ಕುಳಿತೆವು. ವರಾಂಡದ ಆ ತುದಿಯಲ್ಲಿ, ಎರಡು ಜಡೆಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನಿಂದ ಹೊರಗೆ ಬಂದಳು. ಮುಖವೆಂಬುದು ಉಗುರಿನಷ್ಟೂ ಇರಲಿಲ್ಲ. ‘ಇವಳೇ’ ಎಂದು ಒಂದು ಹೆಸರು ಹೇಳಿದವಳು ನಾನು. ಹುಡುಗಿಯ ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದು, ತಲೆ ತಗ್ಗಿಸಿ ನಿಂತರು. ಮೂರನೆಯ ದಿನ ಪರ್ಸು ಸಹೋದ್ಯೋಗಿಯ ಮನೆಯಲ್ಲೇ ಸಿಕ್ಕಿತು. ಚಿತ್ರದಲ್ಲಿದ್ದವಳು ನೋಟ್ ಪುಸ್ತಕ ಇಡಲು ಬಂದಿದ್ದ ಬೇರೆ ತರಗತಿಯ ಹುಡುಗಿ!

‘ಕ್ಯಾಮೆರಾ ಸುಳ್ಳು ಹೇಳುತ್ತದೆಯೇನೋ?’ ಎಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗನನ್ನು ಕೇಳಿದೆ. ‘ಸುಳ್ಳಲ್ಲಮ್ಮ, ಊಹೆ’ ಎಂದ. ಕ್ಯಾಮೆರಾದ ಕಣ್ಣಿನಲ್ಲಿ ಬೆಳಕು ಹಿಡಿಯುವ ಲಕ್ಷಾಂತರ ಚುಕ್ಕೆಗಳಿರುತ್ತವಂತೆ. ಒಂದೊಂದು ಚುಕ್ಕೆಗೂ ಒಂದೊಂದೇ ಬಣ್ಣದ ಸೋಸುಗ. ಅರ್ಧದಷ್ಟಕ್ಕೆ ಹಸಿರು, ಉಳಿದರ್ಧದಲ್ಲಿ ಕೆಂಪು, ನೀಲಿ ಸಮಪಾಲು. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಹಸಿರು ಚುಕ್ಕೆಗೆ ಕೆಂಪೂ ಕಾಣದು, ನೀಲಿಯೂ ಕಾಣದು. ಆ ಎರಡನ್ನು ಒಳಗಿನ ಚಿಪ್ಪು ಅಕ್ಕಪಕ್ಕದ ಚುಕ್ಕೆಗಳನ್ನು ಕೇಳಿ ತುಂಬುತ್ತದೆ. ಕೆಟ್ಟುಹೋದ ಚುಕ್ಕೆಯಿದ್ದರೆ ಅದರ ಜಾಗಕ್ಕೂ ನೆರೆಯವರ ಸರಾಸರಿ. ಆಮೇಲೆ ಜಾಗ ಉಳಿಸಲು, ಹಿಂದಿನ ಚಿತ್ರಕ್ಕಿಂತ ಬದಲಾದಷ್ಟನ್ನೇ ಇಟ್ಟುಕೊಂಡು, ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಬಣ್ಣದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ತುಂಬಿದ್ದೇ!

ನನಗೆ ನಗು ಬಂತು, ಹಿಂದೆಯೇ ಎದೆ ಧಸಕ್ಕೆಂದಿತು. ಅಕ್ಕಪಕ್ಕ ಕೇಳುವುದು ನಮಗೇನು ಹೊಸದೇ? ಬಾಡಿಗೆಗೆ ಬರುವವರನ್ನೂ, ಸೊಸೆಯಾಗಿ ಬರುವವಳನ್ನೂ ಹಾಗೆಯೇ ತೂಗುತ್ತೇವೆ. ಆಕಾಶದ ನೀಲಿಯ ಪಕ್ಕ ನೀಲಿಯೇ ಇರುವುದು ಹೆಚ್ಚು. ಆದ್ದರಿಂದ ಚಿಪ್ಪಿನ ಊಹೆ ಬಹುಪಾಲು ಸರಿಯಾಗುತ್ತದೆ. ಮನುಷ್ಯರು ಆಕಾಶವೇ? ಪರದೆಯಲ್ಲಿ ನಾನು ಕಂಡದ್ದು ಎರಡು ಜಡೆ, ಒಂದು ನಡಿಗೆ. ಉಳಿದ ಮುಖವನ್ನು ತುಂಬಿದ್ದು ನಾನೇ. ಆ ಹುಡುಗಿಯ ಅಣ್ಣ ಸರಿಯಿಲ್ಲ, ಅವರ ಕೇರಿಯೇ ಹಾಗೆ ಎಂದು ಯಾರೋ ಆಡಿದ್ದ ಮಾತುಗಳಿಂದ ತುಂಬಿದ್ದೆ. ಚಿಪ್ಪಿಗೆ ಹೊತ್ತು ನೋಡುವ ಬಿಡುವಿಲ್ಲ. ನನಗಿತ್ತು.

ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, 1975ರ ಆರ್ಯಭಟ ಉಪಗ್ರಹವನ್ನು ಕಟ್ಟಿದ ಶೆಡ್ಡುಗಳಿದ್ದ ಕಡೆಯೇ, ಇಸ್ರೋದ ಲಿಯೋಸ್ ಎಂಬ ಪ್ರಯೋಗಾಲಯವಿದೆ. ಚಂದ್ರಯಾನ-3ರ ನೌಕೆ ನೆಲದ ಮೇಲೆ ಅಡ್ಡಕ್ಕೆ ಎಷ್ಟು ವೇಗವಾಗಿ ಸರಿಯುತ್ತಿದೆಯೆಂದು ನೋಡುವ ಕ್ಯಾಮೆರಾ ಅಲ್ಲಿಯದು. 2023ರ ಆಗಸ್ಟ್ 23ರ ಸಂಜೆ ಮಕ್ಕಳೊಂದಿಗೆ ಕುಳಿತು ಆ ಇಳಿತವನ್ನು ನಾನೂ ನೋಡಿದ್ದೆ. ಅಷ್ಟು ಒಳ್ಳೆಯ ಕಣ್ಣನ್ನು ಮಾಡಿದವರೂ ಅದೊಂದನ್ನೇ ನಂಬಿ ಕೂರಲಿಲ್ಲ. ವೇಗಕ್ಕೆ ಲೇಸರ್ ಬೇರೆ, ಎತ್ತರಕ್ಕೆ ಲೇಸರ್ ಮತ್ತು ರೇಡಿಯೋ ಬೇರೆ ಇಟ್ಟಿದ್ದರು. ಒಂದು ಯಂತ್ರವನ್ನು ಇಳಿಸಲು ಇಷ್ಟು ಸಾಕ್ಷಿ ಬೇಕಾದರೆ, ಒಂದು ಮಗುವಿನ ಮೇಲೆ ಕಳ್ಳಿಯೆಂಬ ಹೆಸರು ಇಳಿಸಲು ನನಗೆ ಒಂದೇ ಸಾಕಾಯಿತು. ಅವಳನ್ನೇ ಕರೆದು ‘ನೀನು ಎಲ್ಲಿದ್ದೆಯಮ್ಮ?’ ಎಂದು ಕೇಳಲೂ ಇಲ್ಲ.

ಅವರ ಮನೆಗೆ ಹೋಗಿ ತಾಯಿ, ಮಗಳು ಇಬ್ಬರ ಕ್ಷಮೆಯನ್ನೂ ಕೇಳಿದೆ. ತಾಯಿ ಕಾಫಿ ಕೊಟ್ಟರು. ಹುಡುಗಿ ಮಾತಾಡಲಿಲ್ಲ. ಈಗಲೂ ಪಾಠದ ನಡುವೆ ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಅದಕ್ಕೆ ಕಾರಣ ಕೋಪವೋ, ಹೆದರಿಕೆಯೋ? ಊಹಿಸುವುದನ್ನು ಬಿಟ್ಟಿದ್ದೇನೆ. ಅವಳೇ ಹೇಳುವ ದಿನಕ್ಕೆ ಕಾಯುತ್ತಿದ್ದೇನೆ.